ಅಂಟು ಟೈರು ಹಾಕಿದರೂ ಕಾರು ಜಾರುತ್ತದೆಯೇ? ಮಾರ್ಪಡಿಸಿದ ವಾರಾಂತ್ಯದ ಕಾರಿನಲ್ಲಿ ಹಿಡಿತದ ದೋಷ ಪತ್ತೆ ಮತ್ತು ಟೈರಿನ ಆಯ್ಕೆ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ, ಬಿಗಿಯಾದ ಒಂದು ಎಡ ತಿರುವಿನಲ್ಲಿ, ವೇಗ ಗಂಟೆಗೆ 35 ಕಿ.ಮೀ. ಕೂಡ ಇರಲಿಲ್ಲ, ನನ್ನ ಕಾರಿನ ಮೂತಿ ತಿರುಗಲೊಲ್ಲದೆ ನೇರಕ್ಕೆ ನೂಕಿಕೊಂಡು ಹೋಗಿ ಬಲಗಡೆಯ ಮುಂದಿನ ಟೈರು ಉದ್ದಕ್ಕೆ ಕಿರುಚಿತು. ರಸ್ತೆ ಒಣಗಿತ್ತು. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ ಎಂಬುದು ಅಂದಿನ ಪುಣ್ಯ. ಹಾಕಿದ್ದು ಅಂಟಿಗೆ, ಎಂದರೆ ಮೃದು ರಬ್ಬರಿನಿಂದ ರಸ್ತೆಯನ್ನು ಬಿಗಿಯಾಗಿ ಹಿಡಿಯುವುದಕ್ಕೆ, ಹೆಸರಾದ ಜಾತಿಯ ಟೈರು. ಟ್ರೆಡ್ಡಿನ, ಎಂದರೆ ರಸ್ತೆಯನ್ನು ಮುಟ್ಟುವ ಕಾಲುವೆಗಳಿರುವ ಪದರದ, ಆಳ ಇನ್ನೂ 5 ಮಿ.ಮೀ. ಇತ್ತು. ಮನೆಗೆ ಬಂದವನೇ ಇನ್ನೂ ಹೆಚ್ಚು ಅಂಟುವ, ಇನ್ನೂ ಅಗಲವಾದ ಟೈರುಗಳ ಬೆಲೆ ವಿಚಾರಿಸತೊಡಗಿದೆ. ಆ ಹಣವನ್ನು ಅಂದೇ ಖರ್ಚು ಮಾಡಿದ್ದರೆ ದೋಷ ಹಾಗೆಯೇ ಉಳಿದು, ಹೊಸ ಟೈರುಗಳೂ ಕೆಲವೇ ತಿಂಗಳಲ್ಲಿ ಒಳ ಅಂಚಿನಿಂದ ಸವೆದುಹೋಗುತ್ತಿದ್ದವು ಎಂದು ಈಗ ಖಚಿತವಾಗಿ ಹೇಳಬಲ್ಲೆ.

ಕಾರು 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಕಾರ್ಖಾನೆಯಿಂದ ಬಂದಾಗ 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, 185/60 ಆರ್ 15 ಅಳತೆಯ ಟೈರು (ಅಗಲ 185 ಮಿ.ಮೀ., ಗೋಡೆಯ ಎತ್ತರ ಅಗಲದ ಶೇ. 60, ರಿಮ್ಮಿನ ವ್ಯಾಸ 15 ಇಂಚು). ಅನಂತರ ನಾನು ಎಂಜಿನ್ ನಿಯಂತ್ರಕವನ್ನು ರೀಮ್ಯಾಪ್ ಮಾಡಿಸಿದೆ (ಶಕ್ತಿ ಹೆಚ್ಚಲೆಂದು ಅದರ ತಂತ್ರಾಂಶ ಬದಲಿಸುವುದು), 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ, 7 ಇಂಚು ಅಗಲದ 16 ಇಂಚಿನ ಅಲಾಯ್ ರಿಮ್ಮಿಗೆ 205/50 ಟೈರು ಏರಿಸಿದೆ. ವಾರವಿಡೀ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿದ್ದು, ಶನಿವಾರವೋ ಭಾನುವಾರವೋ ನಂದಿಬೆಟ್ಟ, ಸಕಲೇಶಪುರ, ಚಿಕ್ಕಮಗಳೂರುಗಳ ಕಡೆಗೆ ಹೊರಡುವ ಕಾರು ಅದು. ಇಂಥ ಕಾರುಗಳಿಗೆ ಬರುವ ದೋಷಗಳ ಸ್ವರೂಪ ದಿನನಿತ್ಯ ಓಡುವ ಕಾರಿನದಕ್ಕಿಂತ ಬೇರೆ. ಆದ್ದರಿಂದ ಪತ್ತೆ ಮಾಡುವ ಕ್ರಮವೂ ಬೇರೆ ಇರಬೇಕಾಗುತ್ತದೆ.

ಮೊದಲು ಲಕ್ಷಣವನ್ನು ಬರೆದಿಡಿ

ಯಾವ ಬೋಲ್ಟನ್ನೂ ಸಡಿಲಿಸುವ ಮೊದಲು ಒಂದು ಪುಸ್ತಕ ತೆಗೆದುಕೊಂಡು, ಕಾರು ಎಲ್ಲಿ, ಎಷ್ಟು ವೇಗದಲ್ಲಿ, ಹೊರಟ ಎಷ್ಟನೆಯ ನಿಮಿಷದಲ್ಲಿ, ಒಣ ರಸ್ತೆಯಲ್ಲೋ ಒದ್ದೆಯಲ್ಲೋ, ಬ್ರೇಕ್ ಹಿಡಿದಾಗಲೋ ತಿರುಗಿಸುವಾಗಲೋ ಆಕ್ಸಿಲರೇಟರ್ ಒತ್ತಿದಾಗಲೋ ಜಾರಿತು ಎಂಬುದನ್ನು ಬರೆಯಬೇಕು. ಇದು ಬೇಸರದ ಕೆಲಸವೆನಿಸಬಹುದು. ಆದರೆ ಅರ್ಧ ದೋಷ ಇಲ್ಲೇ ಸಿಕ್ಕಿಬೀಳುತ್ತದೆ. ಹೊರಟ ಮೊದಲ ಹತ್ತು ನಿಮಿಷ ಮಾತ್ರ ಜಾರಿ ಆಮೇಲೆ ಸರಿಹೋಗುವ ಟೈರು ಒಂದೋ ಮುದಿಯಾಗಿ ಗಡಸಾಗಿದೆ, ಇಲ್ಲವೇ ನಿಮ್ಮ ರಸ್ತೆಗೆ ಬೇಕಾದುದಕ್ಕಿಂತ ಹೆಚ್ಚು ಬಿಸಿ ಬೇಡುವ ಜಾತಿಯದು. ಆರಂಭದಲ್ಲಿ ಚೆನ್ನಾಗಿ ಹಿಡಿದು, ಘಾಟಿಯಲ್ಲಿ ಹತ್ತಾರು ತಿರುವು ಕಳೆದ ಮೇಲೆ ಬೆಣ್ಣೆ ಸವರಿದಂತೆ ಜಾರತೊಡಗುವುದು ಅತಿಯಾಗಿ ಕಾದ ಟೈರಿನ ಅಥವಾ ಏರಿಹೋದ ಗಾಳಿಯ ಲಕ್ಷಣ. ಒಣ ರಸ್ತೆಯಲ್ಲಿ ನೆಮ್ಮದಿಯಾಗಿದ್ದು ಮಳೆಯಲ್ಲಿ ಮಾತ್ರ ತೇಲಿದರೆ ಟ್ರೆಡ್ಡಿನ ಆಳ ಮತ್ತು ವಿನ್ಯಾಸವನ್ನು ಸಂಶಯಿಸಬೇಕು. ಎಡ ತಿರುವಿನಲ್ಲಿ ಜಾರಿ ಬಲ ತಿರುವಿನಲ್ಲಿ ಜಾರದಿದ್ದರೆ ಎಡಬಲಗಳ ನಡುವೆ ವ್ಯತ್ಯಾಸವಿದೆ ಎಂದರ್ಥ. ಅದು ಗಾಳಿಯಲ್ಲಿರಬಹುದು, ಚಕ್ರಗಳ ಕೋನದ ಹೊಂದಾಣಿಕೆಯಾದ ಅಲೈನ್‌ಮೆಂಟಿನಲ್ಲಿರಬಹುದು, ಸೋರುವ ಶಾಕ್ ಅಬ್ಸಾರ್ಬರಿನಲ್ಲಿರಬಹುದು.

ನನ್ನ ಪುಸ್ತಕದಲ್ಲಿ ಬಿದ್ದ ಸಾಲುಗಳು ಹೀಗಿದ್ದವು: ತಿರುಗಿಸುವಾಗ ಮೂತಿ ನೇರಕ್ಕೆ ಹೋಗುತ್ತದೆ, ಹೊರಟ ಮೊದಲ ನಿಮಿಷಗಳಲ್ಲೂ ಹಿಡಿತ ಕಡಿಮೆ, ಘಾಟಿಯ ನಡುವಿಗೆ ಬಂದಾಗ ಮತ್ತೆ ಕಡಿಮೆ, ಗಂಟೆಗೆ 95 ಕಿ.ಮೀ. ಸುಮಾರಿಗೆ ಸ್ಟೀರಿಂಗಿನಲ್ಲಿ ನಡುಕ. ಒಂದೇ ದೋಷ ಇವೆಲ್ಲಕ್ಕೂ ಕಾರಣವಾಗಲಾರದು ಎಂದು ಅದನ್ನು ಓದಿದಾಗಲೇ ನನಗೆ ಹೊಳೆಯಬೇಕಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಮೊದಲಿನ ವೇಗವನ್ನು ಮೀರದೆ ಮತ್ತೆ ನೋಡುವುದೊಂದೇ ಇದಕ್ಕೆ ಇರುವ ದಾರಿ. ಸಾರ್ವಜನಿಕ ಘಾಟಿ ರಸ್ತೆಯಲ್ಲಿ ಹಿಡಿತದ ಕೊನೆಯ ಮಿತಿಯನ್ನು ಹುಡುಕಲು ಹೋಗಬಾರದು. ಅದಕ್ಕೆ ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈಯ ಸುಮಾರು 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇದೆ.

ಗಾಳಿಯ ಒತ್ತಡ: ಅಗ್ಗದ ಪರೀಕ್ಷೆ, ಮೊದಲ ಪರೀಕ್ಷೆ

ಪೆಟ್ರೋಲ್ ಬಂಕಿನ ಮೀಟರನ್ನು ನಂಬಿ ಟೈರಿನ ಗುಣವನ್ನು ಅಳೆಯಬಾರದು. ಕೈಯಲ್ಲಿ ಹಿಡಿಯುವ ಒಳ್ಳೆಯ ಗೇಜ್ ಒಂದನ್ನು ಕೊಂಡು, ಕಾರು ಕನಿಷ್ಠ ಮೂರು ಗಂಟೆ ನಿಂತ ಮೇಲೆ, ಬಿಸಿಲು ಬೀಳುವ ಮೊದಲು, ನಾಲ್ಕೂ ಟೈರುಗಳ ತಣ್ಣನೆಯ ಒತ್ತಡವನ್ನು ಬರೆದುಕೊಳ್ಳಿ. ಬಂಕಿನಲ್ಲಿ 36 ಪಿಎಸ್‌ಐ ಹಾಕಿಸಿಕೊಂಡು ಬಂದಿದ್ದ ನನ್ನ ಟೈರುಗಳಲ್ಲಿ ಮರುದಿನ ಬೆಳಗ್ಗೆ 38 ಇತ್ತು. ಟೈರಿನೊಳಗಿನ ಗಾಳಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಬೆಂಗಳೂರಿನ 20 ಡಿಗ್ರಿಯ ಮುಂಜಾನೆಯಲ್ಲಿ 38 ಇದ್ದದ್ದು, ಘಾಟಿಯ ಬ್ರೇಕ್ ಬಿಸಿಯೂ ತಿರುವಿನ ತಿಕ್ಕಾಟವೂ ಸೇರಿ ಟೈರು 50 ಡಿಗ್ರಿ ದಾಟಿದಾಗ 43 ಆಗಿತ್ತು. ಅಷ್ಟು ಗಾಳಿ ತುಂಬಿದ ಟೈರಿನ ನಡು ಭಾಗ ಉಬ್ಬಿ, ರಸ್ತೆಯನ್ನು ಮುಟ್ಟುವ ಅಂಗೈ ಅಗಲದ ಜಾಗ ಇನ್ನೂ ಕಿರಿದಾಗುತ್ತದೆ. ಅಗಲವಾದ ಟೈರಿಗೆ ಕೊಟ್ಟ ದುಡ್ಡು ಅಲ್ಲೇ ಹೋಯಿತು.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಲು ಎರಡು ಉಪಾಯಗಳಿವೆ. ಮೊದಲನೆಯದು ಸೀಮೆಸುಣ್ಣದ್ದು. ಟ್ರೆಡ್ ಮುಗಿದು ಪಕ್ಕದ ಗೋಡೆ ಶುರುವಾಗುವ ಭುಜದ ಮೇಲೆ, ಮೂರು ಕಡೆ, ಅಡ್ಡಕ್ಕೆ ದಪ್ಪ ಗೆರೆ ಎಳೆದು, ಎಂದಿನ ತಿರುವುಗಳಲ್ಲಿ ಓಡಿಸಿ ಬಂದು ನೋಡಬೇಕು. ಹಲವು ಟೈರುಗಳ ಭುಜದ ಮೇಲೆ ತಯಾರಕರೇ ಸಣ್ಣ ತ್ರಿಕೋನದ ಗುರುತು ಒತ್ತಿರುತ್ತಾರೆ. ಸುಣ್ಣ ಆ ತ್ರಿಕೋನದವರೆಗೆ ಮಾತ್ರ ಅಳಿಸಿದ್ದರೆ ಒತ್ತಡ ಹದವಾಗಿದೆ. ಅದನ್ನು ದಾಟಿ ಗೋಡೆಯ ಕಡೆಗೆ ಅಳಿಸಿದ್ದರೆ ಟೈರು ಮಡಚಿಕೊಳ್ಳುತ್ತಿದೆ, ಗಾಳಿ ಕಡಿಮೆ. ತ್ರಿಕೋನದ ಹತ್ತಿರಕ್ಕೂ ಬಂದಿಲ್ಲವಾದರೆ ಗಾಳಿ ಹೆಚ್ಚು, ಅಥವಾ ನೀವು ಅಷ್ಟು ವೇಗವಾಗಿ ತಿರುಗಿಸಿಲ್ಲ.

ಎರಡನೆಯದು ತಾಪಮಾನದ್ದು. ಇನ್‌ಫ್ರಾರೆಡ್ ಗನ್ ಮೇಲ್ಮೈಯನ್ನು ಮಾತ್ರ ಅಳೆಯುವುದರಿಂದ ಅದರ ಸಂಖ್ಯೆ ಬೇಗ ಇಳಿಯುತ್ತದೆ; ಸೂಜಿ ಚುಚ್ಚುವ ಪೈರೋಮೀಟರ್ ಇನ್ನೂ ನಿಖರ. ಯಾವುದೇ ಆಗಲಿ, ಕಾರು ನಿಲ್ಲಿಸಿದ ಅರೆ ನಿಮಿಷದೊಳಗೆ ಒಳ ಅಂಚು, ನಡು, ಹೊರ ಅಂಚು ಮೂರನ್ನೂ ಅಳೆಯಬೇಕು. ನಡುವೆ ಹೆಚ್ಚು ಬಿಸಿಯಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಬಿಸಿಯಿದ್ದರೆ ಗಾಳಿ ಕಡಿಮೆ, ಒಳ ಅಂಚು ಮಾತ್ರ ಬಿಸಿಯಿದ್ದರೆ ಚಕ್ರದ ಕೋನ ತಪ್ಪಿದೆ. ನನ್ನ ಬಲ ಮುಂದಿನ ಟೈರು ಒಳಗೆ 52, ನಡುವೆ 58, ಹೊರಗೆ 51 ತೋರಿಸಿತು. ತಣ್ಣನೆಯ ಒತ್ತಡವನ್ನು ಮುಂದೆ 32ಕ್ಕೆ, ಹಿಂದೆ 31ಕ್ಕೆ ತಂದು ಮುಂದಿನ ವಾರ ಮತ್ತೆ ಅದೇ ದಾರಿಯಲ್ಲಿ ಹೋದಾಗ 57, 53, 50 ಬಂತು. ನಡುವಿನ ಉಬ್ಬು ಹೋದ ಕೂಡಲೇ ಒಳ ಅಂಚಿನ ದೋಷ ಮೇಲೆದ್ದಿತು. ಇಷ್ಟು ದಿನ ಒಂದು ತಪ್ಪು ಇನ್ನೊಂದನ್ನು ಮುಚ್ಚಿಟ್ಟಿತ್ತು. ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಅಂಟಿಸಿರುವ ಚೀಟಿಯ ಸಂಖ್ಯೆಯಿಂದಲೇ ನಿಮ್ಮ ಲೆಕ್ಕ ಶುರುವಾಗಬೇಕು, ರಸ್ತೆಯ ಮೇಲೆ ಅದಕ್ಕಿಂತ ಕೆಳಗೆ ಇಳಿಸಕೂಡದು ಎಂಬುದನ್ನು ಒತ್ತಿ ಹೇಳುತ್ತೇನೆ. ಹೆದ್ದಾರಿಯಲ್ಲಿ ಗುಂಡಿ ಎದುರಾದಾಗ ಗಾಳಿ ಕಡಿಮೆಯಿರುವ ತೆಳು ಗೋಡೆಯ ಟೈರು ರಿಮ್ಮಿಗೂ ರಸ್ತೆಗೂ ನಡುವೆ ಜಜ್ಜಿಹೋಗುತ್ತದೆ.

ಸವೆತವನ್ನು ಕೈಯಿಂದ ಓದುವುದು

ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ, ಅಂಗೈಯನ್ನು ಟ್ರೆಡ್ಡಿನ ಮೇಲಿಟ್ಟು ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಸವರಿ. ಒಂದು ದಿಕ್ಕಿನಲ್ಲಿ ನುಣ್ಣಗೆ ಜಾರಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಬೆರಳಿಗೆ ತಡೆದರೆ, ಚಕ್ರ ನೇರವಾಗಿ ಉರುಳುತ್ತಿಲ್ಲ, ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿದೆ ಎಂದರ್ಥ. ನನ್ನ ಎರಡೂ ಮುಂದಿನ ಟೈರುಗಳಲ್ಲಿ, ಒಳ ಅಂಚಿನ ಮೊದಲ ಎರಡು ಬೆರಳಷ್ಟು ಜಾಗದಲ್ಲಿ, ಈ ಹಲ್ಲು ಸ್ಪಷ್ಟವಾಗಿ ಸಿಕ್ಕಿತು. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆ ಕಾಣುತ್ತಿತ್ತು. ಅಂಗಡಿಯವರೂ "ಬಟನ್ ಚೆನ್ನಾಗಿದೆ ಸಾರ್" (ಟ್ರೆಡ್ಡನ್ನು ಅವರು ಕರೆಯುವುದು ಹಾಗೆ) ಎಂದೇ ಹೇಳಿದ್ದರು. ಟ್ರೆಡ್ಡಿನ ಆಳವನ್ನು ಮೂರು ಕಡೆ ಅಳೆಯದೆ ಯಾರ ಮಾತನ್ನೂ ಒಪ್ಪಬಾರದು.

ಕಾರನ್ನು ತಗ್ಗಿಸಿದಾಗ ತೂಗುವ ತೋಳುಗಳ ಕೋನ ಬದಲಾಗಿ, ಚಕ್ರದ ತಲೆ ಒಳಕ್ಕೆ ವಾಲುತ್ತದೆ (ಈ ವಾಲುವಿಕೆಯೇ ಕ್ಯಾಂಬರ್), ಜೊತೆಗೆ ಸ್ಟೀರಿಂಗ್ ರಾಡಿನ ಕೋನವೂ ಬದಲಾಗಿ ಟೋ ಎಂಬ ಅಳತೆ, ಎಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪುತ್ತದೆ. ಸ್ಪ್ರಿಂಗ್ ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸಿದ್ದೆ. ಆದರೆ ಹೊಸ ಸ್ಪ್ರಿಂಗುಗಳು ಕೆಲವು ನೂರು ಕಿಲೋಮೀಟರಿನಲ್ಲಿ ಇನ್ನಷ್ಟು ಕುಳಿತುಕೊಳ್ಳುತ್ತವೆ, ಆಮೇಲೆ ಮತ್ತೊಮ್ಮೆ ಅಳೆಯಬೇಕು ಎಂಬುದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎರಡನೆಯ ಬಾರಿ ಅಳೆದಾಗ ಮುಂದಿನ ಒಟ್ಟು ಟೋ 24 ಕಲೆಗಳಷ್ಟು ಹೊರಕ್ಕೆ ತೆರೆದಿತ್ತು. ಒಂದು ಡಿಗ್ರಿಗೆ 60 ಕಲೆ. ಹಾಗಾಗಿ ಒಂದೊಂದು ಚಕ್ರಕ್ಕೆ 0.2 ಡಿಗ್ರಿ. ಅಲ್ಪವೆಂದು ಕಾಣುವ ಈ ಕೋನದಲ್ಲಿ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು ಮೂರೂವರೆ ಮೀಟರ್ ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಮೃದುವಾದ ರಬ್ಬರು ಆ ಉಜ್ಜಾಟವನ್ನು ತಾಳುವುದಿಲ್ಲ. ಗಟ್ಟಿ ಟೈರಿನಲ್ಲಿ ವರ್ಷಗಟ್ಟಲೆ ಕಾಣದ ತಪ್ಪು ಅಂಟು ಟೈರಿನಲ್ಲಿ ಮೂರು ತಿಂಗಳಲ್ಲಿ ಕಾಣುತ್ತದೆ.

ಅಲೈನ್‌ಮೆಂಟಿಗೆ ಹೋದಾಗ ಪರದೆಯ ಮೇಲೆ ಹಸಿರು ಬಂದರೆ ಸಾಕೆಂದು ತೃಪ್ತರಾಗಬೇಡಿ. ಹಸಿರು ಪಟ್ಟಿ ಬಹಳ ಅಗಲ, ಅದೂ ತಗ್ಗಿಸದ ಕಾರಿಗೆ ನಿಗದಿಯಾದದ್ದು. ಮುಂಚಿನ ಮತ್ತು ನಂತರದ ಸಂಖ್ಯೆಗಳ ಮುದ್ರಿತ ಪ್ರತಿ ಕೇಳಿ ಪಡೆಯಿರಿ. ಎಡಬಲಗಳ ಕ್ಯಾಂಬರ್ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ತೋರಿದರೆ ಅದರ ಕಾರಣ ಹುಡುಕಿಸಿ. ರಸ್ತೆಯ ಕಾರಿಗೆ ಮುಂದಿನ ಟೋ ಸೊನ್ನೆಗೆ ಹತ್ತಿರವಿದ್ದರೆ ಸಾಕು ಎಂಬುದು ನನ್ನ ಅನುಭವ. ಪೋಲೋವಿನ ಹಿಂದಿನ ಆಕ್ಸಲ್ ಟಾರ್ಷನ್ ಬೀಮ್ ಮಾದರಿಯದಾದ್ದರಿಂದ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಒಂದೇ ಲೋಹದ ತೊಲೆ) ಅಲ್ಲಿ ತಿರುಗಿಸಿ ಸರಿಪಡಿಸುವ ಸ್ಕ್ರೂ ಇಲ್ಲ. ಅಲ್ಲಿನ ಸಂಖ್ಯೆ ಬಹಳ ತಪ್ಪಿದ್ದರೆ ಬೀಮ್ ಬಾಗಿದೆಯೇ, ಬುಶ್ ಹರಿದಿದೆಯೇ ಎಂದು ನೋಡಬೇಕು.

ಟೈರಿನ ವಯಸ್ಸು

ಗಾಳಿಯೂ ಟೋವೂ ಸರಿಹೋದ ಮೇಲೆ ಘಾಟಿಯ ನಡುವಿನ ಜಾರುವಿಕೆ ನಿಂತಿತು. ಆದರೆ ಹೊರಟ ಮೊದಲ ನಿಮಿಷಗಳ ಹಿಡಿತದ ಕೊರತೆ, ಸಣ್ಣ ಬ್ರೇಕಿಗೂ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಗುಡುಗುವುದು, ಎರಡೂ ಉಳಿದವು. ಆಗ ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನು ಹುಡುಕಿದೆ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿರುವ ಈ ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅವು ಒಂದು ಪಕ್ಕದಲ್ಲಿ ಮಾತ್ರ ಇರುವುದುಂಟು, ಆ ಪಕ್ಕ ಕಾರಿನ ಒಳಮುಖವಾಗಿರುವುದೂ ಉಂಟು. ನಾನು ಮಲಗಿ ಟಾರ್ಚ್ ಹಿಡಿದು ಓದಬೇಕಾಯಿತು. 3217 ಎಂದಿತ್ತು. 2022ರಲ್ಲಿ ಹೊಸ ಮಾಲೆಂದು ಕೊಂಡಿದ್ದ ಟೈರುಗಳು 2017ರ ಆಗಸ್ಟಿನಲ್ಲಿ ತಯಾರಾಗಿ ಐದು ವರ್ಷ ಎಲ್ಲೋ ಗೋದಾಮಿನಲ್ಲಿ ಕಳೆದಿದ್ದವು.

ವಾರಾಂತ್ಯದ ಕಾರಿನ ಟೈರು ಸವೆದು ಸಾಯುವುದು ಅಪರೂಪ, ಮುದಿಯಾಗಿ ಸಾಯುವುದೇ ಹೆಚ್ಚು. ರಬ್ಬರಿನಲ್ಲಿ ಬೆರೆಸಿದ ಎಣ್ಣೆಗಳು ನಿಧಾನವಾಗಿ ಹೊರಹೋಗುತ್ತವೆ, ಆಮ್ಲಜನಕ ರಬ್ಬರಿನ ಸರಪಳಿಗಳನ್ನು ಬಿಗಿಯುತ್ತದೆ, ಮತ್ತೆ ಮತ್ತೆ ಕಾದು ತಣಿಯುವ ಪ್ರತಿಯೊಂದು ಸುತ್ತೂ ಅದನ್ನು ಇನ್ನಷ್ಟು ಗಡಸಾಗಿಸುತ್ತದೆ. ಅಂಟು ಟೈರಿಗೆ ಇದರ ಪೆಟ್ಟು ಹೆಚ್ಚು, ಏಕೆಂದರೆ ಅದರ ಬೆಲೆಯೆಲ್ಲ ಆ ಮೃದುತ್ವದಲ್ಲೇ ಇದೆ. ಪರೀಕ್ಷೆಗೆ ಷೋರ್ ಎ ಮಾಪಕವಿರುವ ಡ್ಯೂರೋಮೀಟರ್, ಎಂದರೆ ರಬ್ಬರಿನ ಗಡಸುತನ ಅಳೆಯುವ ಉಪಕರಣ, ಸಾಕು; ಸಂಖ್ಯೆ ಹೆಚ್ಚಿದಷ್ಟೂ ರಬ್ಬರು ಗಡಸು. ತಣ್ಣಗಿರುವಾಗ, ಟ್ರೆಡ್ಡಿನ ದಪ್ಪ ತುಂಡಿನ ನಡುವೆ, ಐದಾರು ಕಡೆ ಒತ್ತಿ ಸರಾಸರಿ ತೆಗೆಯಿರಿ. ನನ್ನವು 76 ತೋರಿಸಿದವು; ಗೆಳೆಯರೊಬ್ಬರ ಕಾರಿನ ಅದೇ ಜಾತಿಯ ಹೊಸ ಟೈರು ಅದೇ ಬೆಳಗ್ಗೆ 63 ತೋರಿಸಿತು. ಮಾಪಕವಿಲ್ಲದವರು ಹೆಬ್ಬೆರಳ ಉಗುರನ್ನು ಟ್ರೆಡ್ಡಿಗೆ ಒತ್ತಿ ತೆಗೆದು ನೋಡಬಹುದು: ಹೊಸ ಅಂಟು ಟೈರಿನಲ್ಲಿ ಉಗುರಿನ ಗುರುತು ಕ್ಷಣಕಾಲ ನಿಂತು ಮೆಲ್ಲಗೆ ಮಾಯವಾಗುತ್ತದೆ, ಮುದಿ ಟೈರಿನಲ್ಲಿ ಉಗುರು ಇಳಿಯುವುದೇ ಇಲ್ಲ. ಕಾಲುವೆಗಳ ತಳದಲ್ಲಿ ಕೂದಲೆಳೆಯ ಬಿರುಕು ಕಂಡರೆ ಬೇರೆ ಪರೀಕ್ಷೆ ಬೇಡ, ಟೈರು ತೆಗೆಯಿರಿ.

ಆರೇಳು ದಿನ ನಿಂತು ಹೊರಟ ಕಾರು ಮೊದಲ ನಾಲ್ಕೈದು ಕಿಲೋಮೀಟರ್ ದಡದಡ ಎಂದು ಆಮೇಲೆ ಶಾಂತವಾದರೆ, ಅದು ನಿಂತಲ್ಲೇ ಚಪ್ಪಟೆಯಾದ ಜಾಗ ಬಿಸಿಯಾಗಿ ಮತ್ತೆ ದುಂಡಾಗುವ ಸದ್ದು. ದೋಷವಲ್ಲ. ಶಾಂತವಾಗದೆ ಉಳಿದರೆ ಮುಂದೆ ಓದಿ.

ನಡುಕ ಮತ್ತು ಉಜ್ಜು

ಗಂಟೆಗೆ 90ರಿಂದ 110 ಕಿ.ಮೀ. ನಡುವೆ ಸ್ಟೀರಿಂಗ್ ನಡುಗಿ, ಮೇಲೆ ಕೆಳಗೆ ಹೋದಾಗ ಕಡಿಮೆಯಾದರೆ ಎಲ್ಲರೂ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ನಾನೂ ಎರಡು ಬಾರಿ ಮಾಡಿಸಿದೆ. ದೋಷ ಬೇರೆಡೆ ಇತ್ತು. ಪೋಲೋವಿನಲ್ಲಿ ಚಕ್ರ ಕೂರುವ ಹಬ್‌ನ ನಡುಗೂಟ 57.1 ಮಿ.ಮೀ. ಅಗಲ, ಹೊರಗೆ ಸಿಗುವ ಅಲಾಯ್ ರಿಮ್ಮುಗಳ ನಡುತೂತು ಹಲವು ಕಾರುಗಳಿಗೆ ಹೊಂದಲೆಂದು 73.1 ಮಿ.ಮೀ. ಇರುವುದು ಸಾಮಾನ್ಯ. ಈ ಎರಡರ ನಡುವಿನ ಜಾಗವನ್ನು ತುಂಬುವ ಉಂಗುರವಿಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕುಳಿತು, ಯಂತ್ರದ ಮೇಲೆ ಸಮವಾಗಿದ್ದದ್ದು ಕಾರಿನ ಮೇಲೆ ಕುಣಿಯುತ್ತದೆ. ನಾಲ್ಕು ಉಂಗುರ ಹಾಕಿದ ದಿನ ನಡುಕ ನಿಂತಿತು.

ಉಂಗುರ ಹಾಕಲು ಚಕ್ರ ಬಿಚ್ಚಿದಾಗ ಕಂಡದ್ದು ಇನ್ನೂ ಗಂಭೀರ. ಫೋಕ್ಸ್‌ವ್ಯಾಗನ್ನಿನ ಮೂಲ ಬೋಲ್ಟಿನ ತಲೆ ಕೂರುವ ಜಾಗ ಗೋಳಾಕಾರ. ನನ್ನ ಹೊಸ ರಿಮ್ಮುಗಳ ಕುಳಿ ಶಂಕುವಿನಾಕಾರ. ಹಳೆಯ ಬೋಲ್ಟುಗಳನ್ನೇ ಬಳಸಿದ್ದರಿಂದ ಅವು ಒಂದು ತೆಳು ಗೆರೆಯಲ್ಲಿ ಮಾತ್ರ ಲೋಹವನ್ನು ಮುಟ್ಟುತ್ತಿದ್ದವು, ಆ ಗೆರೆ ಹೊಳೆಯುವಷ್ಟು ತಿಕ್ಕಿತ್ತು. ಅಂಥ ಬೋಲ್ಟು ಯಾವಾಗ ಸಡಿಲಾದರೂ ಆಶ್ಚರ್ಯವಿಲ್ಲ. ರಿಮ್ಮು ಬದಲಿಸಿದ ಪ್ರತಿಯೊಬ್ಬರೂ ಒಂದು ಬೋಲ್ಟು ಬಿಚ್ಚಿ ಅದರ ಕುತ್ತಿಗೆಯ ಆಕಾರವನ್ನು ರಿಮ್ಮಿನ ಕುಳಿಯ ಆಕಾರದೊಂದಿಗೆ ಇಂದೇ ಹೋಲಿಸಿ ನೋಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸರಿಯಾದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿದು, 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಗುಂಡಿಯಲ್ಲಿ ಇಳಿದಾಗ ಅಥವಾ ನಾಲ್ಕು ಜನ ಕೂತಾಗ ಮಾತ್ರ ಕೇಳುವ ಕರಕರ ಸದ್ದು ಮಡ್‌ಗಾರ್ಡಿಗೆ ಟೈರು ಉಜ್ಜುವುದರದು. ಒಳ ಹೊದಿಕೆಗೆ ಕಾಗದದ ಟೇಪ್ ಅಂಟಿಸಿ ಓಡಿಸಿದರೆ ಉಜ್ಜಿದ ಜಾಗ ತಿಳಿಯುತ್ತದೆ. ಇದಕ್ಕೆ ಟೈರಿನ ಅಗಲಕ್ಕಿಂತ ರಿಮ್ಮಿನ ಆಫ್‌ಸೆಟ್ ಹೆಚ್ಚು ಕಾರಣ; ರಿಮ್ಮಿನ ಅಗಲದ ನಡುಗೆರೆಗೂ ಅದು ಹಬ್‌ಗೆ ಕೂರುವ ಮುಖಕ್ಕೂ ನಡುವಿನ ಈ ಅಂತರವನ್ನು ಇಟಿ ಎಂದು ಮಿ.ಮೀ.ಗಳಲ್ಲಿ ಬರೆಯುತ್ತಾರೆ. ಇಟಿ 40ರ 6 ಇಂಚಿನ ರಿಮ್ಮಿನ ಬದಲು ಇಟಿ 35ರ 7 ಇಂಚಿನದನ್ನು ಹಾಕಿದರೆ ಚಕ್ರದ ಅಂಚು ಹೊರಕ್ಕೆ 17.7 ಮಿ.ಮೀ., ಒಳಕ್ಕೆ 7.7 ಮಿ.ಮೀ. ಸರಿಯುತ್ತದೆ, ಕೊಳ್ಳುವ ಮೊದಲೇ ಈ ಕೂಡುಕಳೆಯುವಿಕೆ ಮಾಡಿಕೊಳ್ಳಬಹುದು.

ತಿರುವಿನಿಂದ ಹೊರಬರುವಾಗ ಒಳ ಚಕ್ರ ಮಾತ್ರ ಗಿರಗಿರನೆ ತಿರುಗುವುದು ತೆರೆದ ಡಿಫರೆನ್ಷಿಯಲ್ಲಿನ (ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಸ್ವಭಾವ. ಟೈರು ಅದನ್ನು ಕಡಿಮೆ ಮಾಡಬಹುದು, ಗುಣಪಡಿಸಲಾರದು.

ಈಗ ಆಯ್ಕೆ

ಮೇಲಿನದೆಲ್ಲ ಮುಗಿದು, ಹಳೆಯ ಟೈರು ಮುದಿಯೆಂದು ಖಚಿತವಾದ ಮೇಲೆ ಮಾತ್ರ ಹೊಸದನ್ನು ಕುರಿತು ಯೋಚಿಸಿದೆ. ರಸ್ತೆಗೆ ಒಪ್ಪುವ ಬಿಗಿ ಹಿಡಿತದ ಟೈರುಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್‌ನಂಥವು ಟ್ರೆಡ್‌ವೇರ್ ಸಂಖ್ಯೆ (ಟೈರಿನ ಗೋಡೆಯ ಮೇಲೆ ಮುದ್ರಿಸುವ ಸವೆತದ ಸೂಚ್ಯಂಕ) 300ರ ಸುಮಾರಿನವು. ಬ್ರಿಜ್‌ಸ್ಟೋನ್ ಪೊಟೆಂಜಾ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ಎ052 ಮುಂತಾದವು 200ರವು. ಟೊಯೊ ಆರ್888ಆರ್ 100ರದು. ಸಂಖ್ಯೆ ಇಳಿದಂತೆ ಅಂಟು ಹೆಚ್ಚು, ಆಯುಸ್ಸು ಕಡಿಮೆ ಎಂಬುದು ರೂಢಿಯ ತಿಳಿವಳಿಕೆ. ಅದು ಅರ್ಧ ಸತ್ಯ. ಈ ಸಂಖ್ಯೆ ಅಮೆರಿಕದ ನಿಯಮದಂತೆ, ಟೆಕ್ಸಸ್‌ನ ಸ್ಯಾನ್ ಆ್ಯಂಜೆಲೊ ಸುತ್ತಲಿನ ರಸ್ತೆಯಲ್ಲಿ ಒಂದು ಮಾನಕ ಟೈರಿನೊಂದಿಗೆ ಹೋಲಿಸಿ ಸವೆತವನ್ನು ಅಳೆದು, ಕೊನೆಗೆ ತಯಾರಕರೇ ಘೋಷಿಸುವಂಥದು. ಹಿಡಿತವನ್ನು ಅದು ಅಳೆಯುವುದೇ ಇಲ್ಲ. ಅಮೆರಿಕದ ಹಲವು ಹವ್ಯಾಸಿ ಸ್ಪರ್ಧೆಗಳು ಕನಿಷ್ಠ 200 ಇರಬೇಕೆಂದು ನಿಯಮ ಮಾಡಿದ್ದರಿಂದ, ಸ್ಪರ್ಧೆಗೆಂದೇ ರೂಪಿಸಿದ ಟೈರುಗಳೂ 200 ಎಂದೇ ಮುದ್ರಿಸಿಕೊಂಡು ಬರುತ್ತವೆ. ಒಂದೇ 200 ಹೊತ್ತ ಎರಡು ಟೈರುಗಳ ನಡುವೆ ಅಜಗಜಾಂತರ ಇರಬಹುದು. ಪಕ್ಕದಲ್ಲಿರುವ ಎಎ ಅಥವಾ ಎ ಎಂಬ ಟ್ರ್ಯಾಕ್ಷನ್ ದರ್ಜೆ ಒದ್ದೆ ನೆಲದ ನೇರ ಬ್ರೇಕಿಗೆ ಸಂಬಂಧಿಸಿದ್ದು, ತಿರುವಿಗಲ್ಲ.

200ರ ಗುಂಪಿನವು ನಿಜವಾಗಿ ಅರಳುವುದು ಚೆನ್ನಾಗಿ ಕಾದ ಮೇಲೆ. ಟ್ರ್ಯಾಕಿನಲ್ಲಿ ಎರಡು ಸುತ್ತಿಗೆ ಬರುವ ಆ ಬಿಸಿ, ಹಾಸನದ ಹೆದ್ದಾರಿಯಲ್ಲಿ ಮೂರು ಗಂಟೆ ನೇರಕ್ಕೆ ಓಡಿ, ಶಿರಾಡಿಯಲ್ಲಿ ಲಾರಿಯ ಹಿಂದೆ ತೆವಳುವ ಕಾರಿಗೆ ಬರುವುದಿಲ್ಲ. ಜೊತೆಗೆ ಅವು ಸದ್ದು ಹೆಚ್ಚು ಮಾಡುತ್ತವೆ, ಚಿಕ್ಕ ಕಲ್ಲುಗಳನ್ನೆಲ್ಲ ಹೆಕ್ಕಿ ಮಡ್‌ಗಾರ್ಡಿಗೆ ಎಸೆಯುತ್ತವೆ, ಎರಡು ಮೂರು ವರ್ಷದಲ್ಲಿ ತಮ್ಮ ಸೊಬಗು ಕಳೆದುಕೊಳ್ಳುತ್ತವೆ. ವರ್ಷಕ್ಕೆ ನಾಲ್ಕೈದು ಬಾರಿಯಾದರೂ ಟ್ರ್ಯಾಕಿಗೆ ಹೋಗುವವರು ಅವನ್ನು ಬೇರೆ ಜೊತೆ ರಿಮ್ಮಿಗೆ ಹಾಕಿಸಿಕೊಳ್ಳುವುದು ಉಚಿತ. ನಾನು ಹೋಗುವುದು ಒಮ್ಮೆಯೋ ಎರಡು ಬಾರಿಯೋ. ಆದ್ದರಿಂದ 300ರ ಗುಂಪನ್ನೇ ಆರಿಸಿದೆ.

ಆ ತೀರ್ಮಾನಕ್ಕೆ ಇನ್ನೂ ದೊಡ್ಡ ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟದ ರಸ್ತೆಗಳಲ್ಲಿ ನೀರು ನಿಲ್ಲುವುದಲ್ಲ, ಹರಿಯುತ್ತದೆ. 1960ರ ದಶಕದಲ್ಲಿ ನಾಸಾ ಸಂಶೋಧಕರು ವಿಮಾನದ ಟೈರುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ಸರಳ ಸೂತ್ರ ಸಿಕ್ಕಿತು: ಪಿಎಸ್‌ಐ ಲೆಕ್ಕದ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ, ನೀರು ತುಂಬಿದ ನೆಲದಲ್ಲಿ ಟೈರು ಪೂರ್ತಿ ತೇಲತೊಡಗುವ ವೇಗ ಗಂಟೆಗೆ ಮೈಲಿಗಳಲ್ಲಿ ಬರುತ್ತದೆ. 36 ಪಿಎಸ್‌ಐಗೆ ಅದು ಸುಮಾರು 100 ಕಿ.ಮೀ., 30ಕ್ಕೆ ಸುಮಾರು 91, 25ಕ್ಕೆ 83. ಕಾರಿನ ಅಗಲ ಟೈರಿಗೆ ಇದು ಯಥಾವತ್ತಾಗಿ ಅನ್ವಯಿಸುವುದಿಲ್ಲ; ಆದರೆ ಬೋಳು ಟೈರು ಏನು ಮಾಡುತ್ತದೆ, ಮಳೆಗಾಲದಲ್ಲಿ ಗಾಳಿ ಇಳಿಸುವುದು ಏಕೆ ತಪ್ಪು ಎಂಬುದನ್ನು ಇದು ಮನದಟ್ಟು ಮಾಡಿಸುತ್ತದೆ. ಆ ವೇಗವನ್ನು ಮೇಲಕ್ಕೆ ತಳ್ಳುವುದು ನೀರನ್ನು ಪಕ್ಕಕ್ಕೆ ಹರಿಸುವ ಕಾಲುವೆಗಳು, 100 ಮತ್ತು 200ರ ಟೈರುಗಳಲ್ಲಿ ಕಡಿಮೆ ಇರುವುದೂ ಅವೇ. ಕಾನೂನಿನ ಕನಿಷ್ಠ ಆಳ 1.6 ಮಿ.ಮೀ.; ಮಳೆಯಲ್ಲಿ ಘಾಟಿ ಇಳಿಯುವ ಕಾರಿಗೆ 3 ಮಿ.ಮೀ.ಗಿಂತ ಕಡಿಮೆಯಾದರೆ ನಾನು ಬದಲಿಸುತ್ತೇನೆ.

ಅಳತೆಯ ವಿಷಯದಲ್ಲಿ ನಮ್ಮಲ್ಲಿ ಆಗುವ ಸಾಮಾನ್ಯ ತಪ್ಪು, ಚೆಂದದ ರಿಮ್ ಕೊಂಡು ಆಮೇಲೆ ಟೈರು ಹುಡುಕುವುದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ 15, 16 ಇಂಚಿನ ಒಳ್ಳೆಯ ಅಂಟು ಟೈರುಗಳ ಆಯ್ಕೆ ಇನ್ನೂ ಕಿರಿದಾಯಿತು. ಯಾವ ಅಳತೆಯಲ್ಲಿ ಇತ್ತೀಚಿನ ತಯಾರಿಕೆಯ, ಕಾರಿನ ಟೈರುಗಳ ಭಾರತೀಯ ಮಾನಕ ಐಎಸ್ 15633ರ ಐಎಸ್‌ಐ ಮುದ್ರೆಯಿರುವ ಟೈರು ಸಿಗುತ್ತದೆ ಎಂದು ಮೊದಲು ತಿಳಿದು, ಅದಕ್ಕೆ ಹೊಂದುವ ರಿಮ್ ಆರಿಸಬೇಕು. ಹೊರ ವ್ಯಾಸ ಮೂಲಕ್ಕೆ ಶೇ. 2ರೊಳಗೆ ಹೊಂದಬೇಕು. ಮೂಲ 185/60 ಆರ್ 15ರ ವ್ಯಾಸ 603 ಮಿ.ಮೀ.; 205/50 ಆರ್ 16ರದು 611. ಅಳತೆಯ ಪಕ್ಕದಲ್ಲಿ ಮುದ್ರಿಸಿರುವ ಭಾರದ ಸಂಖ್ಯೆಯನ್ನು, ಎಂದರೆ ಒಂದು ಟೈರು ಎಷ್ಟು ತೂಕ ಹೊರಬಲ್ಲದು ಎಂಬ ಸಂಕೇತವನ್ನು, ಮಾತ್ರ ಎಂದೂ ಇಳಿಸಬಾರದು. ಮೂಲ ಟೈರಿನ 84 ಎಂದರೆ 500 ಕೆ.ಜಿ., 205/50 ಆರ್ 16ರ 87 ಎಂದರೆ 545 ಕೆ.ಜಿ. ಆದರೆ ಇನ್ನೂ ತೆಳುವಾಗಿ ಕಾಣಲೆಂದು 205/45 ಆರ್ 16 ಹಾಕಿದರೆ, ಅದರ ಸಾಮಾನ್ಯ ರೂಪದ ಸಂಖ್ಯೆ 83, ಎಂದರೆ 487 ಕೆ.ಜಿ. ಅಗಲ ಹೆಚ್ಚಿತು, ಹೊರುವ ಶಕ್ತಿ ಕುಗ್ಗಿತು. ನೋಂದಣಿಯಾದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ.

ಹಣ ಸಾಲದೆಂದು ಮುಂದಿನ ಎರಡು ಚಕ್ರಗಳಿಗೆ ಮಾತ್ರ ಅಂಟು ಟೈರು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ತಿರುವಿನಲ್ಲಿ ಮುಂದಿನವು ಗಟ್ಟಿಯಾಗಿ ಹಿಡಿದು ಹಿಂದಿನವು ಬಿಟ್ಟರೆ ಕಾರು ಬಾಲ ಬೀಸಿ ತಿರುಗುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ನುರಿತವರಿಗೂ ಕಷ್ಟ. ನಾಲ್ಕಕ್ಕೆ ಹಣವಾಗುವವರೆಗೆ ಕಾಯುವುದು ಮೇಲು, ಅಥವಾ ನಾಲ್ಕಕ್ಕೂ ಒಂದು ಮೆಟ್ಟಿಲು ಕೆಳಗಿನದನ್ನು ಹಾಕಿಸುವುದು ಮೇಲು.

ಹಾಕಿದ ಮೇಲೆ

ಅಂಗಡಿಯಲ್ಲಿ ಏರಿಸುವ ಮೊದಲೇ ನಾಲ್ಕೂ ಟೈರುಗಳ ತಾರೀಖು ಓದಿದೆ. ಒಂದು ಉಳಿದ ಮೂರಕ್ಕಿಂತ ಹದಿನಾಲ್ಕು ತಿಂಗಳು ಹಳೆಯದಿತ್ತು, ಬದಲಿಸಿ ಕೊಟ್ಟರು. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೇಲ್ಮೈಯಲ್ಲಿ ಇರುವುದರಿಂದ ಮೊದಲ 300 ಕಿ.ಮೀ. ಮೆಲ್ಲಗೆ ಓಡಿಸಿದೆ. ಆಮೇಲೆ ಮೊದಲಿನಿಂದ ಎಲ್ಲ ಅಳತೆ: ತಣ್ಣನೆಯ ಒತ್ತಡ 32 ಮತ್ತು 31, ಘಾಟಿಯ ಮಧ್ಯೆ 36, ಬಲ ಮುಂದಿನ ಟೈರು ಒಳಗೆ 54, ನಡುವೆ 53, ಹೊರಗೆ 51, ಡ್ಯೂರೋಮೀಟರಿನಲ್ಲಿ 64. ಕೊಟ್ಟಿಗೆಹಾರದ ಕೆಳಗಿನ ಅದೇ ಎಡ ತಿರುವಿನಲ್ಲಿ, ಅದೇ 35 ಕಿ.ಮೀ. ಒಳಗಿನ ವೇಗದಲ್ಲಿ, ಟೈರು ಸದ್ದಿಲ್ಲದೆ ತಿರುಗಿತು. ಏರಿನಲ್ಲಿ ಎರಡನೆಯ ಗೇರಿನಲ್ಲಿ ಒಳ ಚಕ್ರ ಒಮ್ಮೊಮ್ಮೆ ತಿರುಗುವುದು ಹಾಗೆಯೇ ಇದೆ. ಕಾರು ನಿಲ್ಲುವ ಜಾಗದಲ್ಲಿ ಜನರೇಟರಿನ ಹೊಗೆ ಮತ್ತು ಬಿಸಿಗಾಳಿ ಬರುತ್ತಿತ್ತು, ಆ ಬಿಸಿ ರಬ್ಬರನ್ನು ಇನ್ನಷ್ಟು ಗಡಸಾಗಿಸೀತೆಂದು ಅದನ್ನು ಬಿಟ್ಟು ಇನ್ನೊಂದು ಕಂಬದ ಪಕ್ಕಕ್ಕೆ ಜಾಗ ಬದಲಿಸಿಕೊಂಡಿದ್ದೇನೆ. ಪ್ರತಿ ಆರು ತಿಂಗಳಿಗೆ ಗಡಸುತನವನ್ನೂ ಮೂರು ಕಡೆಯ ಆಳವನ್ನೂ ಅಳೆದು ಅದೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.